ಮಂಗಳವಾರದ ಕುರ್ಚಿ: ಲೈಂಗಿಕ ಅಪರಾಧದ ಶಿಕ್ಷೆ ಮುಗಿಸಿ ಬಂದವರ ಜೊತೆ ಕೂರುವುದು ಹೇಗೆ

ಕಳೆದ ದೀಪಾವಳಿಯ ಊಟದ ಸಾಲಿನಲ್ಲಿ ಪೇಪರ್ ಪ್ಲೇಟ್ ಹಿಡಿದು ನಿಂತಿದ್ದಾಗ ನಮ್ಮ ಕನ್ನಡ ಸಂಘದ ಹುಡುಗಿಯೊಬ್ಬಳು ಕಿವಿ ಹತ್ತಿರ ಬಂದಳು. “ಆಂಟಿ, ನೀವು ಮಂಗಳವಾರ ಮಂಗಳವಾರ ಜೈಲಿಂದ ಬಂದೋರ ಜೊತೆ ಕೂತ್ಕೋತೀರಂತೆ? ಅದೂ ಅಂಥ ಕೇಸಿನೋರ ಜೊತೆ?” ‘ಅಂಥ’ ಅನ್ನುವಾಗ ಅವಳ ದನಿ ಇಳಿಯಿತು. ಹೌದಮ್ಮಾ ಅಂದೆ. ಇನ್ನು “ನಿಮಗೆ ಭಯ ಆಗಲ್ವಾ” ಅಂತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು “ನಾನೂ ಬರಬಹುದಾ?” ಅಂತ. ಅಷ್ಟರಲ್ಲಿ ಹೋಳಿಗೆ ಬಂತು, ಮಾತು ಅಲ್ಲಿಗೇ ನಿಂತಿತು. ಆಮೇಲೆ ಫೋನಿನಲ್ಲಿ ಕಂತು ಕಂತಾಗಿ ಅವಳಿಗೆ ಹೇಳಿದ್ದನ್ನು ಇಲ್ಲಿ ಒಂದು ಕಡೆ ಬರೆದಿಡುತ್ತಿದ್ದೇನೆ.

ನಾನು ಶಿವಮೊಗ್ಗದವಳು. ಅಲ್ಲಿ ಹದಿನಾಲ್ಕು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತೆ, ಕೆನಡಾದ ಹ್ಯಾಮಿಲ್ಟನ್‌ಗೆ ಬಂದ ಮೇಲೂ ಬ್ಯಾಂಕಿನಲ್ಲೇ ದುಡಿದು ನಿವೃತ್ತಳಾದೆ. ಮನಶ್ಶಾಸ್ತ್ರ ಓದಿದವಳಲ್ಲ. ಆರು ವರ್ಷದಲ್ಲಿ ಮೂರು ಸರ್ಕಲ್‌ಗಳಲ್ಲಿ ಕೂತಿದ್ದೇನೆ. ಇಲ್ಲಿ ಹೇಳುವುದು ಹೆಚ್ಚಾಗಿ ಎರಡನೆಯದರ ಕತೆ. ಆತನ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಆತನಿಂದ ನೊಂದ ಮಕ್ಕಳ ಬಗ್ಗೆ ಒಂದಕ್ಷರವನ್ನೂ ಬರೆಯುವುದಿಲ್ಲ, ಅದು ಅವರಿಗೆ ಸೇರಿದ್ದು.

ಮೊದಲು ಈ ಸರ್ಕಲ್ ಅಂದರೇನು ಅಂತ ಹೇಳಿಬಿಡುತ್ತೇನೆ. ಪೂರ್ತಿ ಹೆಸರು ಸರ್ಕಲ್ಸ್ ಆಫ್ ಸಪೋರ್ಟ್ ಅಂಡ್ ಅಕೌಂಟಬಿಲಿಟಿ, ಬಾಯಲ್ಲಿ ಎಲ್ಲರೂ ಕೋಸಾ ಅಂತಾರೆ. ಆಸರೆ ಕೊಡುವುದು, ಲೆಕ್ಕ ಕೇಳುವುದು, ಎರಡೂ ಒಂದೇ ಮೇಜಿನ ಸುತ್ತ. ಇದು ಹುಟ್ಟಿದ್ದು ನಮ್ಮ ಹ್ಯಾಮಿಲ್ಟನ್ನಿನಲ್ಲೇ, 1994ರಲ್ಲಿ. ಕೆನಡಾದಲ್ಲಿ ಎರಡು ವರ್ಷ ಅಥವಾ ಅದಕ್ಕಿಂತ ದೊಡ್ಡ ಶಿಕ್ಷೆಯಾದವರನ್ನು ಸಾಮಾನ್ಯವಾಗಿ ಮೂರನೇ ಎರಡು ಭಾಗ ಮುಗಿದ ಮೇಲೆ ನಿಗಾ ಇಟ್ಟು ಹೊರಗೆ ಬಿಡುತ್ತಾರೆ. ತೀರಾ ಅಪಾಯಕಾರಿ ಅನ್ನಿಸಿದವರನ್ನು ಮಾತ್ರ ಕೊನೆಯ ದಿನದವರೆಗೂ ಒಳಗೇ ಇಟ್ಟುಕೊಳ್ಳುತ್ತಾರೆ. ಈಗ ತಮಾಷೆ ನೋಡಿ. ಕೊನೆಯ ದಿನ ಮುಗಿದ ಮೇಲೆ ಶಿಕ್ಷೆಯೂ ಮುಗಿಯಿತು, ನಿಗಾ ಇಡುವ ಪೆರೋಲ್ ಆಫೀಸರೂ ಇಲ್ಲ. ಯಾರ ಬಗ್ಗೆ ಎಲ್ಲರಿಗಿಂತ ಹೆಚ್ಚು ಭಯವೋ ಅವನೇ ಒಂದು ಬೆಳಗ್ಗೆ ಬ್ಯಾಗ್ ಹಿಡಿದು ಒಬ್ಬನೇ ಬಸ್ ಹತ್ತುತ್ತಾನೆ. 1994ರ ಬೇಸಿಗೆಯಲ್ಲಿ ಮಕ್ಕಳ ಮೇಲೆ ಮತ್ತೆ ಮತ್ತೆ ಅಪರಾಧ ಮಾಡಿದ್ದ ಒಬ್ಬಾತ ಹಾಗೆ ಬಂದಾಗ ಊರು ಬೀದಿಗಿಳಿಯಿತು, ಪೊಲೀಸರು ಬೆನ್ನಿಗೆ ಬಿದ್ದರು. ಹ್ಯಾರಿ ನೈ ಅನ್ನುವ, ಮೆನೊನೈಟ್ ಎಂಬ ಕ್ರೈಸ್ತ ಪಂಥದ ಪಾದ್ರಿ ಜೈಲಿನ ದಿನಗಳಿಂದ ಆತನನ್ನು ಬಲ್ಲವರು. ತಮ್ಮ ಸಣ್ಣ ಚರ್ಚಿನ ಕೆಲವರನ್ನು ಕೂಡಿಸಿ ಆತನ ಸುತ್ತ ಕೂರಿಸಿದರು. ಪ್ರತಿದಿನ ಯಾರಾದರೊಬ್ಬರು ಮಾತಾಡಿಸುವುದು, ಅಂಗಡಿಗೆ ಜೊತೆಗೆ ಹೋಗುವುದು, ಕೇಳಬೇಕಾದ್ದನ್ನು ಮುಖಕ್ಕೆ ಕೇಳುವುದು. ಆತ ಸಾಯುವವರೆಗೂ ಮತ್ತೆ ಅಂಥ ಅಪರಾಧ ಮಾಡಲಿಲ್ಲ. ಅಲ್ಲಿಂದ ಇದು ಟೊರೊಂಟೊಗೆ ಹೋಯಿತು, 2002ರಲ್ಲಿ ಕ್ವೇಕರ್ ಅನ್ನುವ ಇನ್ನೊಂದು ಕ್ರೈಸ್ತ ಪಂಥದವರ ಮೂಲಕ ಇಂಗ್ಲೆಂಡಿಗೆ ಹೋಯಿತು, 2008ರಲ್ಲಿ ಅಮೆರಿಕದ ಮಿನ್ನೆಸೋಟದ ಜೈಲು ಇಲಾಖೆಯೇ ಎತ್ತಿಕೊಂಡಿತು.

ಇದರ ಮಂತ್ರ ಎರಡೇ ವಾಕ್ಯ. ಇನ್ನೊಂದು ಮಗು, ಇನ್ನೊಬ್ಬ ಹೆಂಗಸು ನೋಯಬಾರದು. ಯಾರೂ ಬಿಸಾಡುವ ವಸ್ತುವಲ್ಲ. ಮೊದಲನೆಯದಕ್ಕೆ ನಾನು ತಕ್ಷಣ ತಲೆಯಾಡಿಸಿದೆ. ಎರಡನೆಯದು ನನ್ನೊಳಗೆ ಇಳಿಯಲು ಒಂದು ವರ್ಷ ಹಿಡಿಯಿತು, ಸುಳ್ಳು ಹೇಳುವುದಿಲ್ಲ.

ಸೇರುವ ಮೊದಲು

ಸಂಸ್ಥೆಯ ಮೂಲಕವೇ ಸೇರಿ. “ಪಾಪ, ಪಕ್ಕದ ಬೀದಿಯವನು ಒಳಗಿದ್ದು ಬಂದಿದ್ದಾನೆ, ನಾನೇ ಮಾತಾಡಿಸ್ತೀನಿ” ಅಂತ ಒಬ್ಬರೇ ಹೊರಡಬೇಡಿ. ಮೊದಲು ಪೊಲೀಸ್ ತಪಾಸಣೆ, ಅದರಲ್ಲೂ ಮಕ್ಕಳು-ವೃದ್ಧರ ಜೊತೆ ಕೆಲಸ ಮಾಡುವವರಿಗೆ ಮಾಡುವ ವಲ್ನರಬಲ್ ಸೆಕ್ಟರ್ ಚೆಕ್. ಆಮೇಲೆ ಸಂದರ್ಶನ, ಆಮೇಲೆ ತರಬೇತಿ. ಸಂದರ್ಶನದಲ್ಲಿ ನನಗೆ ಕೇಳಿದ್ದು: “ನಿಮಗೋ ನಿಮ್ಮ ಮನೆಯವರಿಗೋ ಹೀಗೆ ಆಗಿದೆಯಾ? ಆಗಿದ್ದರೆ ಆ ಗಾಯ ಈಗ ಹೇಗಿದೆ?” ಆಗಿದ್ದವರು ಬರಬಾರದು ಅಂತಲ್ಲ. ನನ್ನ ಜೊತೆ ಕೂತ ಒಬ್ಬ ಹೆಂಗಸು ಚಿಕ್ಕಂದಿನಲ್ಲಿ ತಾನೇ ನೊಂದವಳು, ನಮ್ಮೆಲ್ಲರಿಗಿಂತ ಚುರುಕು ಕಿವಿ ಅವಳದು. ಆದರೆ ಗಾಯ ಇನ್ನೂ ಹಸಿಯಾಗಿದ್ದರೆ ಸರ್ಕಲ್ ಅದಕ್ಕೆ ಔಷಧಿ ಅಲ್ಲ.

ಇನ್ನೊಂದು ಥರದವರೂ ಬರಬಾರದು. ಯಾರನ್ನಾದರೂ ಉದ್ಧಾರ ಮಾಡಲೇಬೇಕು ಅಂತ ಹಟ ಹಿಡಿದು ಬರುವವರು. ಅವರಿಗೆ ಬೇಕಾದ್ದು ಒಂದು ಒಳ್ಳೆ ಕತೆ, ಆ ಕತೆ ಕೆಡದ ಹಾಗೆ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಒಂದು ಸರ್ಕಲ್‌ನಲ್ಲಿ ನಾಲ್ಕರಿಂದ ಏಳು ಜನ ಸ್ವಯಂಸೇವಕರು, ನಡುವೆ ಒಬ್ಬ ಕೋರ್ ಮೆಂಬರ್, ಅಂದರೆ ಶಿಕ್ಷೆ ಮುಗಿಸಿ ಬಂದಾತ. ಬೆನ್ನ ಹಿಂದೆ ಪೊಲೀಸ್, ಮನಶ್ಶಾಸ್ತ್ರಜ್ಞ, ಸಂಚಾಲಕಿ ಹೀಗೆ ಬಲ್ಲವರ ಇನ್ನೊಂದು ಸುತ್ತು. ಕನಿಷ್ಠ ಒಂದು ವರ್ಷ ಬರುತ್ತೇನೆ ಅನ್ನುವ ಮಾತು ಕೊಡಬೇಕು. ಕೊಡಲಾಗದಿದ್ದರೆ ಈಗಲೇ ಬೇಡ ಅನ್ನಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಾಲ್ಕು ತಿಂಗಳು ಬಂದು ಮಾಯವಾಗುವುದು ಬಾರದೇ ಇರುವುದಕ್ಕಿಂತ ಕೆಟ್ಟದ್ದು.

ಎರಡು ಬೀಗದ ಕೈ

ಬ್ಯಾಂಕಿನ ಸ್ಟ್ರಾಂಗ್ ರೂಮ್ ಗೊತ್ತಲ್ಲ. ಅದಕ್ಕೆ ಎರಡು ಕೀಲಿ, ಇಬ್ಬರ ಹತ್ತಿರ. ಜಾಯಿಂಟ್ ಕಸ್ಟಡಿ ಅನ್ನುತ್ತಿದ್ದೆವು. ಅದು ಮ್ಯಾನೇಜರ್ ಮೇಲಿನ ಅಪನಂಬಿಕೆ ಅಂತ ಯಾರೂ ತಿಳಿಯುತ್ತಿರಲಿಲ್ಲ, ಕೆಲಸ ಇರುವುದೇ ಹಾಗೆ. ಸರ್ಕಲ್‌ನಲ್ಲೂ ಅಷ್ಟೇ. ಆತ ಹೇಳಿದ ಯಾವ ಮಾತೂ ನಿಮ್ಮೊಬ್ಬರ ಹತ್ತಿರ ಮಾತ್ರ ಇರಬಾರದು. “ಇದನ್ನು ಬೇರೆಯವರಿಗೆ ಹೇಳಬೇಡಿ, ನಿಮ್ಮ ಮೇಲೆ ನಂಬಿಕೆ ಇದೆ ಅಂತ ಹೇಳ್ತಿದ್ದೀನಿ” ಅಂದರೆ ಅಲ್ಲೇ ತಡೆಯಿರಿ. ಗುಟ್ಟು ಕಟ್ಟಿಕೊಳ್ಳುವುದು, ಒಬ್ಬರನ್ನು ಮಾತ್ರ ವಿಶೇಷ ಅನ್ನಿಸುವಂತೆ ಮಾಡುವುದು, ಎಷ್ಟೋ ಸಲ ಅಪರಾಧ ನಡೆದದ್ದೇ ಆ ದಾರಿಯಲ್ಲಿ. ನಾನು ಹೇಳುವುದು ಇಷ್ಟೇ: “ಮಂಗಳವಾರ ಎಲ್ಲರೆದುರು ಹೇಳು. ನೀನು ಹೇಳದಿದ್ದರೆ ನಾನು ಹೇಳ್ತೀನಿ.”

ಮನೆಗೆ ಕರೆಯಬೇಡಿ. ಸಾಲ ಕೊಡಬೇಡಿ. ನಿಮ್ಮ ಮನೆ ಮಕ್ಕಳ ಹೆಸರು ಬಾಯಿಗೆ ತರಬೇಡಿ. ಈ ಕೊನೆಯದನ್ನು ನಾನು ಕಲಿತದ್ದು ನಾಚಿಕೆಪಟ್ಟು. ಮೊದಲ ಮಂಗಳವಾರ, ಚರ್ಚಿನ ನೆಲಮಾಳಿಗೆಯ ಕೋಣೆ, ಹಬೆಯಾಡುವ ಕಾಫಿ, ಆರು ಮಡಚುವ ಕುರ್ಚಿ. ನಾನು ಕೂತು ಅಭ್ಯಾಸಬಲದಿಂದ ಫೋನನ್ನು ಮೇಜಿನ ಮೇಲಿಟ್ಟೆ, ಮುಖ ಮೇಲಾಗಿ. ಯಾವುದೋ ಮೆಸೇಜ್ ಬಂದು ಪರದೆ ಬೆಳಗಿತು. ವಾಲ್‌ಪೇಪರಿನಲ್ಲಿ ನನ್ನ ಮೊಮ್ಮಗಳು, ಹಲ್ಲು ಬಿದ್ದ ಬಾಯಿ ಬಿಟ್ಟುಕೊಂಡು ನಗುತ್ತಿದ್ದಾಳೆ. ಸಂಚಾಲಕಿ ಮಾತು ನಿಲ್ಲಿಸದೆ ಕೈ ಚಾಚಿ ಫೋನನ್ನು ಕವುಚಿ ಹಾಕಿದಳು. ಆತ ಆಗ ಗೋಡೆಯ ಗಡಿಯಾರ ನೋಡುತ್ತಿದ್ದ. ಬೇಕಂತಲೇ ಗಡಿಯಾರ ನೋಡುತ್ತಿದ್ದ ಅಂತ ಎಂಟು ತಿಂಗಳ ಮೇಲೆ ಅವನೇ ಹೇಳಿದ.

ಮೊದಲ ದಿನ ಕಿವಿ ಎಲ್ಲಿರಬೇಕು

ಮೊದಲ ಒಂದೆರಡು ವಾರದಲ್ಲಿ ಕೋರ್ ಮೆಂಬರ್ ತಾನು ಮಾಡಿದ್ದನ್ನು ತನ್ನ ಬಾಯಲ್ಲೇ ಹೇಳಬೇಕು. ಎಲ್ಲರೂ ಒಂದು ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಇಲ್ಲಿಯ ಮಾತು ಇಲ್ಲೇ, ಆದರೆ ಯಾರಿಗಾದರೂ ಅಪಾಯ ಅನ್ನಿಸಿದರೆ ಮಾತು ಹೊರಗೆ ಹೋಗುತ್ತದೆ ಅಂತ ಅದರಲ್ಲಿ ಸ್ಪಷ್ಟವಾಗಿ ಇರುತ್ತದೆ.

ನೀವು ಗಮನಿಸಬೇಕಾದ್ದು ಕ್ರಿಯಾಪದ. ನಮ್ಮ ಕನ್ನಡದಲ್ಲಿ “ತಪ್ಪಾಯ್ತು” ಅಂದರೆ ಸಾಕು, ಮಾಡಿದವನು ವಾಕ್ಯದಿಂದಲೇ ಜಾರಿಕೊಳ್ಳುತ್ತಾನೆ. “ಆಗಿಹೋಯ್ತು”, “ನಡೆದುಹೋಯ್ತು”, ಮಳೆ ಬಂತು ಅಂದ ಹಾಗೆ. ಇಂಗ್ಲಿಷ್ ಆಡುವವರಿಗೂ ಜಾರಿಕೊಳ್ಳಲು ಅವರದೇ ದಾರಿಗಳಿವೆ. ನಮ್ಮಾತ ಮೊದಲ ದಿನ ಇಪ್ಪತ್ತು ನಿಮಿಷ ಮಾತಾಡಿದ, ‘ನಾನು ಮಾಡಿದೆ’ ಅಂತ ಒಮ್ಮೆಯೂ ಬರಲಿಲ್ಲ. ನಮ್ಮಲ್ಲೊಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಇದ್ದ, ಮಾತು ಕಡಿಮೆ. “ಯಾರು ಮಾಡಿದ್ದು?” ಅಂದ. ಅಷ್ಟೇ. ಕೂಗಲಿಲ್ಲ, ಗುಡುಗಲಿಲ್ಲ. ಆತ ನೆಲ ನೋಡಿದ. ಎರಡನೇ ವಾರ ಅದೇ ಪ್ರಶ್ನೆ. ಮೂರನೇ ವಾರ ಉತ್ತರ ಬಂತು.

ಆ ಉತ್ತರ ಕೇಳಿದ ಮೇಲೆ ನಾನು ಮನೆಗೆ ಬಂದು ತಲೆಗೆ ನೀರು ಸುರಿದುಕೊಂಡೆ. ಸಾವಿನ ಮನೆಯಿಂದ ಬಂದವರ ಹಾಗೆ. ನಮ್ಮವರು ಏನೂ ಕೇಳದೆ ಅನ್ನ ಸಾರು ಬಿಸಿ ಮಾಡಿಕೊಟ್ಟರು. ನಿಮಗೂ ಹೀಗಾಗುತ್ತದೆ. ಆಗುವುದು ಸರಿ. ಏನೂ ಅನ್ನಿಸದಿದ್ದರೆ ಸಂಚಾಲಕಿಗೆ ಫೋನ್ ಮಾಡಿ.

ಇಪ್ಪತ್ತಮೂರು ‘ಇಲ್ಲ’ಗಳು, ಒಂದು ಭಾನುವಾರ

ಈ ಭಾಗವನ್ನು ನಿಧಾನವಾಗಿ ಓದಿ.

ಆತ ಜೈಲಿಂದ ಒಂದು ಹಾಳೆ ತಂದಿದ್ದ. ಒಳಗಿನ ಚಿಕಿತ್ಸೆಯಲ್ಲಿ ಬರೆದದ್ದು, ನಾಲ್ಕು ಮಡಿಕೆಯಾಗಿ ಅಂಚು ಸವೆದಿತ್ತು. ಒಟ್ಟು ಇಪ್ಪತ್ತಮೂರು ಸಾಲು. ಶಾಲೆ ಹತ್ತಿರ ಹೋಗುವುದಿಲ್ಲ. ಪಾರ್ಕಿಗೆ ಹೋಗುವುದಿಲ್ಲ. ಈಜುಕೊಳಕ್ಕೆ ಹೋಗುವುದಿಲ್ಲ. ಕುಡಿಯುವುದಿಲ್ಲ. ಮಕ್ಕಳಿರುವ ಮನೆಗೆ ಹೋಗುವುದಿಲ್ಲ. ಓದಿ ಮುಗಿಸಿ ನಮ್ಮ ಮುಖ ನೋಡಿದ, ಪರೀಕ್ಷೆ ಪೇಪರ್ ಕೊಟ್ಟ ಹುಡುಗನ ಹಾಗೆ. ನಾನು ಕೇಳಿದೆ, “ಸರಿ. ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಏನು ಮಾಡ್ತೀಯ?” ಹಾಳೆ ತಿರುಗಿಸಿ ನೋಡಿದ. ಹಿಂದೆಯೂ ಏನೂ ಇರಲಿಲ್ಲ.

ಆ ಇಪ್ಪತ್ತಮೂರೂ ಬೇಕು. ಕೋರ್ಟ್ ಹಾಕಿದ ನಿಯಮಗಳನ್ನು ಅಳಿಸುವ ಅಧಿಕಾರ ನಮಗಿಲ್ಲ, ಅಳಿಸಲೂಬಾರದು. ಆದರೆ ಮನುಷ್ಯ ‘ಇಲ್ಲ’ಗಳ ಒಳಗೆ ಬದುಕಲಾರ. ಕೋಣೆಯಲ್ಲಿ ಒಬ್ಬನೇ ಕೂತು ಏನೇನು ಮಾಡಬಾರದು ಅಂತ ಎಣಿಸುತ್ತಾ ಇದ್ದರೆ ತಲೆ ತುಂಬ ಅದೇ ಇರುತ್ತದೆ.

ನ್ಯೂಜಿಲೆಂಡಿನ ಟೋನಿ ವಾರ್ಡ್ ಅನ್ನುವ ಮನಶ್ಶಾಸ್ತ್ರಜ್ಞ 2002ರ ಹೊತ್ತಿಗೆ ಮುಂದಿಟ್ಟ ಗುಡ್ ಲೈವ್ಸ್ ಮಾಡೆಲ್, ಅಂದರೆ ಒಳ್ಳೆ ಬದುಕಿನ ಮಾದರಿ, ಹಿಡಿದದ್ದು ಇದೇ ಎಳೆಯನ್ನು. ಎಲ್ಲರಿಗೂ ಬೇಕಾದ ಹತ್ತು ಹನ್ನೊಂದು ಒಳ್ಳೆಯವು ಇರುತ್ತವೆ: ಆರೋಗ್ಯ, ತಿಳುವಳಿಕೆ, ಕೈಹಿಡಿದ ಕೆಲಸದಲ್ಲಿ ಪಳಗುವುದು, ಆಟ, ತನ್ನ ಬದುಕು ತನ್ನ ಕೈಯಲ್ಲಿರುವುದು, ಮನಶ್ಶಾಂತಿ, ಸ್ನೇಹ-ಸಾಂಗತ್ಯ, ಒಂದು ಗುಂಪಿಗೆ ಸೇರಿದವನು ಅನ್ನಿಸುವುದು, ಬದುಕಿಗೊಂದು ಅರ್ಥ, ಸಂತೋಷ, ಏನನ್ನಾದರೂ ಹೊಸದಾಗಿ ಮಾಡುವುದು. ಅಪರಾಧ ಮಾಡಿದವನಿಗೂ ಬೇಕಾದ್ದು ಇವೇ, ಹಿಡಿದ ದಾರಿ ಮಾತ್ರ ಇನ್ನೊಬ್ಬರ ಬದುಕನ್ನು ತುಳಿದು ಹೋಗುವಂಥದ್ದು. ಇದಕ್ಕೂ ಮೊದಲು, 1990ರಲ್ಲಿ, ಆಂಡ್ರೂಸ್ ಮತ್ತು ಬೊಂಟಾ ಅನ್ನುವ ಕೆನಡಾದವರು ತಮ್ಮ ಸಂಗಡಿಗರ ಜೊತೆ ಸೇರಿ ಅಪಾಯ ಎಷ್ಟು, ಅದಕ್ಕೆ ಕಾರಣವೇನು ಅಂತ ಅಳೆದು ಅದಕ್ಕೆ ತಕ್ಕ ಚಿಕಿತ್ಸೆ ಕೊಡುವ ಪದ್ಧತಿ ಹಾಕಿಕೊಟ್ಟಿದ್ದರು. ವಾರ್ಡ್ ಅದನ್ನು ತಳ್ಳಿಹಾಕಲಿಲ್ಲ. ಅಪಾಯ ತಗ್ಗಿಸಿದರೆ ಸಾಲದು, ಆ ಜಾಗದಲ್ಲಿ ಏನು ಕಟ್ಟುತ್ತೀರಿ ಅಂತ ಕೇಳಿದರು.

ಯಾವುದು ಎಲ್ಲಿ ಕೆಟ್ಟಿದೆ ಅಂತ ನೋಡಲು ನಾಲ್ಕು ಕಡೆ ಟಾರ್ಚ್ ಬಿಡಬೇಕು. ದಾರಿಯೇ ತಪ್ಪೇ? ಒಂದನ್ನೇ ಹಿಡಿದು ಉಳಿದದ್ದನ್ನೆಲ್ಲ ಬಿಟ್ಟಿದ್ದಾನೆಯೇ? ಎರಡು ಆಸೆಗಳು ಒಂದನ್ನೊಂದು ಎಳೆದಾಡುತ್ತಿವೆಯೇ? ಅಥವಾ ಬೇಕಾದ್ದನ್ನು ಸರಿಯಾಗಿ ಪಡೆಯುವ ಕಸುವು, ಕೌಶಲ, ಅವಕಾಶವೇ ಇಲ್ಲವೇ? ನಮ್ಮಾತನಿಗೆ ದೊಡ್ಡವರ ನಡುವೆ ಕೂತರೆ ಬೆವರು. ತಾನು ಯಾರಿಗೂ ಸಾಟಿಯಲ್ಲ ಅನ್ನುವ ಭಾವ. ಮಕ್ಕಳ ಎದುರು ಮಾತ್ರ ತಾನು ದೊಡ್ಡವನು, ಗೊತ್ತಿದ್ದವನು. ‘ನನ್ನನ್ನು ಯಾರಾದರೂ ಲೆಕ್ಕಕ್ಕಿಡಬೇಕು’ ಅನ್ನುವುದು ಎಲ್ಲರ ಆಸೆ. ಅದನ್ನು ಆತ ತೀರಿಸಿಕೊಂಡ ಬಗೆಗೆ ಕ್ಷಮೆ ಇಲ್ಲ. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಹಿಡಿಯಲು ಬಂದರೆ ನಿಮಗೆ ಈ ಕೆಲಸ ಬಂದ ಹಾಗೆ.

“ನಿನ್ನ ಗುರಿಗಳೇನು” ಅಂತ ಕೇಳಬೇಡಿ. ಜೈಲಿನಲ್ಲಿ ಆ ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿಸಿರುತ್ತಾರೆ. ನಾನು ಕೇಳಿದ್ದು, “ಹೊತ್ತು ಹೋದದ್ದೇ ಗೊತ್ತಾಗಲಿಲ್ಲ ಅನ್ನೋ ಹಾಗೆ ಕೊನೇ ಸಲ ಯಾವಾಗ ಆಗಿತ್ತು?” ಆತ ಬಹಳ ಹೊತ್ತು ಯೋಚಿಸಿ ಜೈಲಿನ ಅಡುಗೆಮನೆ ಅಂದ. ಹಿಟ್ಟು ನಾದುವಾಗ. ಹೇಳುತ್ತಾ ಮೇಜಿನ ಮೇಲೆ ಅಂಗೈ ಊರಿ ಮುಂದಕ್ಕೆ ತಳ್ಳಿ ಮಡಚಿ ತೋರಿಸಿದ. ಅಷ್ಟು ವಾರದಲ್ಲಿ ಆ ಕೈ ನಡುಗದೇ ಇದ್ದದ್ದು ಅವತ್ತೇ ಮೊದಲು.

ಸೈಕಲ್ಲು, ಬ್ರೆಡ್ಡು

ಈಗ ನನ್ನ ಪೆದ್ದುತನ. ಬೇಕರಿ ಕೆಲಸ ಸಿಗುವುದು ತಡವಾಯಿತು. ನನಗೆ ಅವಸರ. ಹಳೆ ಸೈಕಲ್ ರಿಪೇರಿ ಮಾಡಿ ಅಗ್ಗಕ್ಕೆ ಕೊಡುವ ಒಂದು ಜಾಗವಿತ್ತು, ಸ್ವಯಂಸೇವಕರು ಬೇಕು ಅಂತ ಬೋರ್ಡ್ ಹಾಕಿದ್ದರು. ಕೈಕೆಲಸ, ಜನರ ಒಡನಾಟ, ನಾಲ್ಕು ಜನ ಥ್ಯಾಂಕ್ಸ್ ಅನ್ನುತ್ತಾರೆ. ಪಟ್ಟಿಯ ಐದಾರು ಒಳ್ಳೆಯವು ಒಂದೇ ಏಟಿಗೆ! ಹಿಗ್ಗಿನಿಂದ ಮಂಗಳವಾರ ಮುಂದಿಟ್ಟೆ. ಎಲ್ಲರೂ ಚೆನ್ನಾಗಿದೆ ಅಂದರು. ಪೋಸ್ಟ್‌ಮ್ಯಾನ್ ಕಾಫಿ ಕೆಳಗಿಟ್ಟು ಕೇಳಿದ, “ಸೈಕಲ್ ರಿಪೇರಿಗೆ ಯಾರು ಬರ್ತಾರೆ?”

ಕೋಣೆ ಸುಮ್ಮನಾಯಿತು. ನಾನು ಆತನ ಮುಖ ನೋಡಿದೆ. ಆತನಿಗೆ ನನಗಿಂತ ಮೊದಲೇ ಹೊಳೆದಿತ್ತು, ಬಾಯಿ ಬಿಟ್ಟಿರಲಿಲ್ಲ. ಆಮೇಲೆ ಅರ್ಧ ಗಂಟೆ ಮಾತಾಡಿದ್ದು ಸೈಕಲ್ ಬಗ್ಗೆಯಲ್ಲ, ಆ ಮೌನದ ಬಗ್ಗೆ.

ಆದ್ದರಿಂದ ಆತನ ಕೈಗೆ ಒಗ್ಗುವ ಕೆಲಸ ಹುಡುಕುವಾಗ ಪ್ರತಿ ಸಲ ಅದೇ ಉಸಿರಿನಲ್ಲಿ ಕೇಳಿ: ಅಲ್ಲಿ ಯಾರಿರುತ್ತಾರೆ, ಯಾವ ಹೊತ್ತು, ಆತ ಯಾರ ಜೊತೆ ಒಬ್ಬನೇ ಉಳಿಯುತ್ತಾನೆ? ಉತ್ತರ ಬಂದ ಮೇಲೂ ಯಾರಾದರೊಬ್ಬರು ಹೋಗಿ ಕಣ್ಣಾರೆ ನೋಡಿ ಬನ್ನಿ. ಕೊನೆಗೆ ಸಿಕ್ಕಿದ್ದು ಹೋಟೆಲುಗಳಿಗೆ ಬ್ರೆಡ್ ಕಳಿಸುವ ಒಂದು ಬೇಕರಿಯ ರಾತ್ರಿ ಪಾಳಿ. ಹನ್ನೊಂದರಿಂದ ಬೆಳಗಿನ ಏಳು, ಗಿರಾಕಿಗಳಿಲ್ಲ, ಎಲ್ಲರೂ ದೊಡ್ಡವರು. ಮಾಲೀಕನಿಗೆ ಆತನ ಕೇಸು ಗೊತ್ತು. ಗೊತ್ತಿಲ್ಲದ ಮಾಲೀಕನ ಹತ್ತಿರ ಕೆಲಸ ಕೊಡಿಸಬೇಡಿ, ಒಂದಲ್ಲ ಒಂದು ದಿನ ಯಾರೋ ಹೇಳುತ್ತಾರೆ, ಆ ದಿನ ಕಟ್ಟಿದ್ದೆಲ್ಲ ಬೀಳುತ್ತದೆ.

ಊರಲ್ಲಿ ಪರಪ್ಪನ ಅಗ್ರಹಾರದ ಜೈಲಿನಲ್ಲೂ ಬೇಕರಿ ಇದೆ. ಒಳಗೆ ಕಲಿತ ಕೈ ಹೊರಗೆ ಬಂದ ಮೇಲೆ ಯಾವ ಬೇಕರಿಯ ಬಾಗಿಲು ತಟ್ಟುತ್ತದೆ, ತಟ್ಟಿದರೆ ಯಾರು ತೆಗೆಯುತ್ತಾರೆ ಅನ್ನುವುದನ್ನು ಶಿವಮೊಗ್ಗಕ್ಕೆ ಹೋದಾಗಲೆಲ್ಲ ನಮ್ಮ ತಮ್ಮನ ಹತ್ತಿರ ಕೇಳುತ್ತೇನೆ. ಅವನು ವಕೀಲ. “ಅಕ್ಕಾ, ಇಲ್ಲಿ ಜಾಮೀನಿಗೇ ಜೀವ ಹೋಗ್ತದೆ, ನೀನು ಬ್ರೆಡ್ ಅಂತೀಯ” ಅನ್ನುತ್ತಾನೆ.

ದೊಡ್ಡ ದೊಡ್ಡ ಮಾತಿನ ನಡುವೆ ಸಣ್ಣ ಕೆಲಸಗಳೇ ಹೆಚ್ಚು. ಹೆಲ್ತ್ ಕಾರ್ಡ್ ಮಾಡಿಸುವುದು, ಬ್ಯಾಂಕ್ ಖಾತೆ ತೆರೆಸುವುದು (ಇದು ನನ್ನ ಪಾಲಿಗೆ), ಬಸ್ ಪಾಸ್. ಒಂಬತ್ತು ವರ್ಷ ಒಳಗಿದ್ದವನು ಅಂಗಡಿಯಲ್ಲಿ ಟೂತ್‌ಪೇಸ್ಟಿನ ಸಾಲಿನೆದುರು ಹತ್ತು ನಿಮಿಷ ನಿಂತ, ಆಮೇಲೆ ಏನೂ ಕೊಳ್ಳದೆ ಹೊರಗೆ ಬಂದ. ಚರ್ಚಿನ ಅಡುಗೆಮನೆಯಲ್ಲಿ ಒಂದು ದಿನ ನಾನು ಕ್ರೀಮ್ ಆಫ್ ವೀಟ್ (ಇಲ್ಲಿ ಸಿಗುವ ಒಂದು ಥರದ ರವೆ) ಹುರಿದು ಉಪ್ಪಿಟ್ಟು ಮಾಡಿ ತೋರಿಸಿದೆ. ಸಾಸಿವೆ ಸಿಡಿದಾಗ ಎರಡು ಹೆಜ್ಜೆ ಹಿಂದೆ ಹಾರಿದ. ಈಗ ಶನಿವಾರದ ತಿಂಡಿ ಅದೇ ಅಂತೆ, ನಿಂಬೆಹಣ್ಣು ಜಾಸ್ತಿ ಹಿಂಡುತ್ತಾನೆ.

ಬಿಟ್ಟುಹೋದ ಸಾಲು

ಏಳನೇ ತಿಂಗಳು ಆತ ಒಂದು ವಾರ ಬರಲಿಲ್ಲ. ಮುಂದಿನ ವಾರ ಬಂದ, ಗಡ್ಡ ಬಿಟ್ಟಿದ್ದ, ಉತ್ತರ ಒಂದೊಂದೇ ಪದ. ಇಂಥವೇ ಗುರುತುಗಳು. ನೀವು ಕಾಯಬೇಕಾದ್ದು ಸಿನಿಮಾದಂಥ ದೊಡ್ಡ ಘಟನೆಗೆ ಅಲ್ಲ. ಮಾಮೂಲು ತಪ್ಪುವುದು, ನಿದ್ದೆ ಕೆಡುವುದು, ಎಲ್ಲರ ಮೇಲೂ ಸಿಟ್ಟು, ‘ಯಾಕೆ ಬೇಕು ಇದೆಲ್ಲ’. ಪ್ರತಿಯೊಬ್ಬನಿಗೂ ಇಂಥ ಗುರುತುಗಳ ಪಟ್ಟಿಯನ್ನು ಮೊದಲ ತಿಂಗಳೇ ಅವನ ಕೈಯಲ್ಲೇ ಬರೆಸಿಡಿ. ಆಮೇಲೆ ಅದನ್ನು ಅವನ ಮುಂದಿಟ್ಟರೆ ಸಾಕು.

ಕೇಳಿದೆವು. ಏನಿಲ್ಲ ಅಂದ. ಕೋಟಿನ ಜೇಬಿನಲ್ಲಿ ಏನೋ ಗುಂಯ್‌ಗುಟ್ಟಿತು. ಆತನ ಫೋನ್ ಮೇಜಿನ ಮೇಲಿತ್ತು.

ಹೊರಗೆ ಬಂದಾಗ ಪೊಲೀಸರು ಕೋರ್ಟಿನಿಂದ ಆತನ ಮೇಲೆ 810.1ರ ಆದೇಶ ತಂದಿದ್ದರು. ಇಲ್ಲಿಯ ಕ್ರಿಮಿನಲ್ ಕೋಡಿನಲ್ಲಿ, ಹದಿನಾರರ ಕೆಳಗಿನ ಮಕ್ಕಳ ಮೇಲೆ ಅಪರಾಧ ನಡೆಯಬಹುದು ಅನ್ನುವ ಸಕಾರಣ ಭಯವಿದ್ದರೆ ಹಾಕುವ ಕಟ್ಟುಪಾಡು ಅದು. ಎರಡನೇ ಫೋನ್ ಇಟ್ಟುಕೊಳ್ಳುವ ಹಾಗಿರಲಿಲ್ಲ. ಅವತ್ತು ರಾತ್ರಿಯೇ ಸಂಚಾಲಕಿ ಸಂಬಂಧಪಟ್ಟ ಪೊಲೀಸ್ ಅಧಿಕಾರಿಗೆ ತಿಳಿಸಿದಳು. ತಿಳಿಸುತ್ತೇವೆ ಅಂತ ಆತನಿಗೆ ಮುಖಕ್ಕೇ ಹೇಳಿ ತಿಳಿಸಿದೆವು, ಬೆನ್ನ ಹಿಂದೆ ಅಲ್ಲ. ಆತ ಕುರ್ಚಿ ತಳ್ಳಿ ಎದ್ದು ಹೋದ. “ಸ್ನೇಹ ಅಂದ್ರಲ್ಲ!” ಅಂತ ನನ್ನ ಕಡೆ ತಿರುಗಿ ಅಂದ. ಮೆಟ್ಟಿಲ ಮೇಲೆ ಬೂಟಿನ ಸದ್ದು ಇನ್ನೂ ಕಿವಿಯಲ್ಲಿದೆ. ಮೂವತ್ತು ದಿನ ಒಳಗಿದ್ದು ಬಂದ.

ಆ ಫೋನಿನಲ್ಲಿ ಸಿಕ್ಕಿದ್ದು ದೊಡ್ಡವರ ಡೇಟಿಂಗ್ ಆಪ್. ಮಕ್ಕಳಿಗೆ ಸಂಬಂಧಪಟ್ಟದ್ದು ಏನೂ ಇರಲಿಲ್ಲ. ಬೇರೆ ಹೆಸರಿನಲ್ಲಿ ನಲವತ್ತೆಂಟರ ಒಬ್ಬ ಹೆಂಗಸಿನ ಜೊತೆ ನಾಯಿಗಳ ಬಗ್ಗೆ ಮಾತಾಡುತ್ತಿದ್ದ.

ಆಗ ನಾವು, ಆ ಒಳ್ಳೆಯವುಗಳಿಗೆ ಸಾಲು ಸಾಲಾಗಿ ಜಾಗ ಮಾಡಿ ಬರೆದಿದ್ದ ನಮ್ಮ ಪ್ಲ್ಯಾನ್ ಹಾಳೆ ತೆಗೆದು ನೋಡಿದೆವು. ಕೆಲಸದ ಸಾಲು ತುಂಬಿತ್ತು, ಆರೋಗ್ಯ ತುಂಬಿತ್ತು, ಭಾನುವಾರಕ್ಕೂ ಒಂದು ಸಾಲಿತ್ತು. ಸಾಂಗತ್ಯ ಅನ್ನುವ ಕಡೆ ‘ಸರ್ಕಲ್’ ಅಂತ ಬರೆದು ಬಿಟ್ಟಿದ್ದೆವು. ಐವತ್ತೆರಡು ವರ್ಷದ ಗಂಡಸಿಗೆ ಸಾಂಗತ್ಯ ಅಂದರೆ ಮಂಗಳವಾರದ ಐದು ಜನ ಮುದುಕ-ಮುದುಕಿಯರು! ನಮಗೆ ಆ ಮಾತು ಎತ್ತಲು ಸಂಕೋಚ. ನನಗಂತೂ ಮೈ ಜುಮ್ಮೆನ್ನುತ್ತಿತ್ತು, ಇವನಿಗೆ ಸಂಗಾತಿ ಬೇರೆ ಬೇಕಾ ಅಂತ. ಅದನ್ನು ಬಾಯಿಬಿಟ್ಟು ಹೇಳಿದೆ ಕೂಡ. ಆದರೆ ನಾವು ಖಾಲಿ ಬಿಟ್ಟ ಸಾಲನ್ನು ಆತ ಕತ್ತಲಲ್ಲಿ, ಸುಳ್ಳು ಹೆಸರಿನಲ್ಲಿ ತುಂಬಿಕೊಂಡಿದ್ದ. ಹಳೆ ಚಾಳಿ ಅದೇ ತಾನೇ.

ಆತ ಮರಳಿ ಬಂದ ಮೇಲೆ ಆರು ವಾರ ಅದನ್ನೇ ಮಾತಾಡಿದೆವು. ಮನೆಯಲ್ಲಿ ಮಕ್ಕಳು-ಮೊಮ್ಮಕ್ಕಳಿರುವ ಹೆಂಗಸು ಬೇಡವೇ ಬೇಡ. ಭೇಟಿ ಎಲ್ಲರಿಗೂ ಗೊತ್ತಿರಬೇಕು, ಪೊಲೀಸ್ ಅಧಿಕಾರಿಗೂ. ಮೂರನೇ ಭೇಟಿಗೆ ಮುಂಚೆ ತಾನು ಮಾಡಿದ್ದನ್ನು ಆಕೆಗೆ ಹೇಳಬೇಕು, ಸರ್ಕಲ್‌ನ ಒಬ್ಬರು ಪಕ್ಕದಲ್ಲಿ ಕೂತಿರುವಾಗ. ಒಬ್ಬಾಕೆಗೆ ಹೇಳಿದ. ಆಕೆ ಎದ್ದು ಹೋದಳು. ಅವಳ ಹಕ್ಕು ಅದು. ಆವತ್ತು ರಾತ್ರಿ ಪೋಸ್ಟ್‌ಮ್ಯಾನ್ ಆತನ ಜೊತೆ ಒಂದು ಗಂಟೆವರೆಗೂ ಇಸ್ಪೀಟಾಡಿದ.

ಅಂಕಿ ಕೇಳುವವರಿಗೆ

“ಅಂಥವರು ಬದಲಾಗಲ್ಲ” ಅನ್ನುವವರ ಹತ್ತಿರ ವಾದಕ್ಕೆ ಕೂರಬೇಡಿ, ಆದರೆ ನಿಮಗೆ ಗೊತ್ತಿರಲಿ. 1998ರಲ್ಲಿ ಹ್ಯಾನ್ಸನ್ ಮತ್ತು ಬುಸಿಯರ್ ಅನ್ನುವ ಸಂಶೋಧಕರು ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ನಾಲ್ಕೈದು ವರ್ಷದಲ್ಲಿ ಮತ್ತೆ ಲೈಂಗಿಕ ಅಪರಾಧದಲ್ಲಿ ಸಿಕ್ಕಿಬಿದ್ದವರು 13.4 ಶೇಕಡಾ. ಸಿಕ್ಕಿಬೀಳದವರು ಇದರಲ್ಲಿ ಸೇರಿಲ್ಲ ಅನ್ನುವುದೂ ನೆನಪಿರಲಿ. ಸರ್ಕಲ್‌ನಲ್ಲಿದ್ದ 44 ಜನರನ್ನು ಸರ್ಕಲ್ ಇಲ್ಲದ 44 ಜನರ ಜೊತೆ ಹೋಲಿಸಿದ 2009ರ ಕೆನಡಾದ ಅಧ್ಯಯನದಲ್ಲಿ ಇಂಥ ಅಪರಾಧ 83 ಶೇಕಡಾ ಕಡಿಮೆ. ಮಿನ್ನೆಸೋಟದಲ್ಲಿ ನೂರು ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನೋಡಿದ್ದು 2018ರಲ್ಲಿ ಬಂತು. ಲೈಂಗಿಕ ಅಪರಾಧಕ್ಕೆ ಮತ್ತೆ ಬಂಧನವಾಗುವ ಸಂಭವ 88 ಶೇಕಡಾ ತಗ್ಗಿತ್ತು. ನಾನು ಕ್ಯಾಶಿಯರ್, ಆದ್ದರಿಂದ ಹೇಳಲೇಬೇಕು: ಗುಂಪುಗಳು ಚಿಕ್ಕವು, ಆ ಕಡೆ ಒಬ್ಬ ಈ ಕಡೆ ಇಬ್ಬರು ಆದರೂ ಶೇಕಡಾ ಓಲಾಡುತ್ತದೆ.

ಸಂಘದಲ್ಲಿ ಒಬ್ಬರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅರಿಶಿನ ಕುಂಕುಮಕ್ಕೂ ಕರೆಯುವುದಿಲ್ಲ. ಅವರಿಗೆ ಹೇಳಲು ನನ್ನಲ್ಲಿ ಉತ್ತರವಿಲ್ಲ, ಅವರ ಸಿಟ್ಟಿನ ಹಿಂದೆ ಏನಿದೆಯೋ ನನಗೇನು ಗೊತ್ತು. ಕ್ಷಮಿಸಿ ಅಂತ ಸರ್ಕಲ್ ಯಾರನ್ನೂ ಕೇಳುವುದಿಲ್ಲ. ನೊಂದವರಿಗೆ ಕಾಗದ ಬರೆಯುತ್ತೇನೆ ಅಂತ ಕೋರ್ ಮೆಂಬರ್ ಹೊರಟರೆ ಬಿಡಬೇಡಿ, ಎಷ್ಟೇ ಕಣ್ಣೀರಿಡಲಿ. ಅವರ ಬಾಗಿಲು ತಟ್ಟುವ ಅಧಿಕಾರ ಅವನಿಗಿಲ್ಲ. ನನ್ನ ಮಗಳು ಮೊದಲ ವರ್ಷ ಮಂಗಳವಾರಗಳಂದು ಮೊಮ್ಮಗಳನ್ನು ನಮ್ಮ ಮನೆಗೆ ಕಳಿಸುತ್ತಿರಲಿಲ್ಲ. ಆತ ನಮ್ಮ ಮನೆಯ ಹತ್ತಿರವೂ ಸುಳಿಯುವುದಿಲ್ಲ ಅಂತ ಅವಳಿಗೆ ಗೊತ್ತು. ಆದರೂ ಕಳಿಸುತ್ತಿರಲಿಲ್ಲ. ಈಗ ಕಳಿಸುತ್ತಾಳೆ. ಯಾಕೆ ಅಂತ ನಾನು ಕೇಳಿಲ್ಲ.

ಮುಗಿಸುವುದು

ವರ್ಷ ತುಂಬಿತು ಅಂತ ದಿಢೀರನೆ ನಿಲ್ಲಿಸಬೇಡಿ. ವಾರಕ್ಕೊಮ್ಮೆ ಇದ್ದದ್ದು ಎರಡು ವಾರಕ್ಕೆ, ಆಮೇಲೆ ತಿಂಗಳಿಗೆ. ನಮ್ಮದು ಎರಡು ವರ್ಷ ನಾಲ್ಕು ತಿಂಗಳು ನಡೆಯಿತು. ಕೊನೆಯ ಮಂಗಳವಾರ ಆತ ಬ್ರೆಡ್ ತಂದಿದ್ದ, ಇನ್ನೂ ಬೆಚ್ಚಗಿತ್ತು, ಕುಯ್ಯಲು ಚಾಕು ತಂದಿರಲಿಲ್ಲ. ಕೈಯಲ್ಲೇ ಮುರಿದುಕೊಂಡೆವು.

ಈಗ ತಿಂಗಳ ಮೊದಲ ಮಂಗಳವಾರ ಸಂಜೆ ಆರೂವರೆಗೆ ಫೋನ್ ಮಾಡುತ್ತಾನೆ, ಸಂಚಾಲಕಿಯೂ ಲೈನಿನಲ್ಲಿರುತ್ತಾಳೆ. ಹೋದ ತಿಂಗಳು “ಇವತ್ತೇನು ಕೇಳ್ತೀರಿ?” ಅಂದ. ನಿದ್ದೆ ಬರ್ತಿದೆಯಾ ಅಂದೆ. ಬರ್ತಿದೆ. ಭಾನುವಾರ ಏನು ಮಾಡಿದೆ? ಪೋಸ್ಟ್‌ಮ್ಯಾನ್ ಜೊತೆ ಇಸ್ಪೀಟು, ಸೋತೆ. ಎರಡನೇ ಫೋನ್ ಇದೆಯಾ? ಇಲ್ಲ ಅಂದ. “ಫೋನಿನಲ್ಲಿ ಜೇಬು ಕಾಣಲ್ಲ, ಮುಂದಿನ ಮಂಗಳವಾರ ಚರ್ಚಿಗೇ ಬಾ” ಅಂದೆ. ಬರ್ತೀನಿ, ಏನು ತರಲಿ ಅಂದ.